ಮೆತ್ತನೆ ಮೊಟ್ಟೆ ಇಟ್ಟ ತಪ್ಪಿಗೆ ಹ್ಯಾಟೆ ಮಾರಬೇಡಿ

ಕಳೆದ ತಿಂಗಳು ನಮ್ಮ ಪಕ್ಕದ ಮನೆ ಅತ್ತೆ ಒಂದು ಎಳೆ ಹ್ಯಾಟೆಯನ್ನು ಅರ್ಧ ಬೆಲೆಗೆ ಮಾರಿಬಿಟ್ಟರು. ಕೋಳಿಗೆ ಯಾವ ರೋಗವೂ ಇರಲಿಲ್ಲ. ಅದು ಮಾಡಿದ ತಪ್ಪು ಒಂದೇ, ಎರಡು ಸಲ ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ ಇಟ್ಟಿತ್ತು. ‘ಇಂಥ ಮೊಟ್ಟೆ ಮನೆಗೆ ಆಗಿಬರಲ್ಲ ಕಣಪ್ಪ’ ಅಂದರು. ಹದ್ದು, ನಾಯಿಗಳಿಂದ ಕಾಪಾಡಿ ಐದು ತಿಂಗಳು ಸಾಕಿದ ಕೋಳಿ, ಮೊಟ್ಟೆ ಶುರು ಮಾಡಿದ ವಾರವೇ ವ್ಯಾಪಾರಿ ಕೈ ಸೇರಿತು.

ಇದು ಶಕುನದ ಮಾತಲ್ಲ, ಸುಣ್ಣದ ಮಾತು.

ಮೊಟ್ಟೆ ಚಿಪ್ಪಿನ ಬಹುಪಾಲು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಮೊದಲ ಸಲ ಇಡುವ ಹ್ಯಾಟೆಗೆ ಈ ಕೆಲಸ ಹೊಸದು. ಒಂದೆರಡು ಮೊಟ್ಟೆ ಚಿಪ್ಪು ಕಟ್ಟುವ ಮೊದಲೇ ಜಾರುವುದು ಸಾಮಾನ್ಯ. ನಾಯಿಗೆ ಬೆದರಿದರೂ ಹೀಗಾಗಬಹುದು. ಹೆಚ್ಚಿನವು ಕೆಲವೇ ವಾರಗಳಲ್ಲಿ ತಾವೇ ಸರಿಹೋಗುತ್ತವೆ. ಹೋಗದಿದ್ದರೆ ಮೊದಲು ಮೇವು ನೋಡಿ.

‘ರಾಗಿ ಹಾಕ್ತೀವಲ್ಲ, ಅದರಲ್ಲೇ ಕ್ಯಾಲ್ಸಿಯಂ ಇದೆ’ ಅನ್ನುವವರಿದ್ದಾರೆ. ಇದೆ, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಒಂದು ಚಿಪ್ಪಿಗೆ ಬೇಕಾದ್ದು ಸುಮಾರು 2 ಗ್ರಾಂ. ಅಕ್ಕಿ ನುಚ್ಚಿನಲ್ಲಂತೂ ಅಷ್ಟೂ ಇಲ್ಲ. ವರ್ಷಕ್ಕೆ 50-60 ಮೊಟ್ಟೆ ಇಡುವ ನಾಟಿ ಕೋಳಿ ತಿಪ್ಪೆ ಕೆದಕಿ ಹೇಗೋ ಸರಿದೂಗಿಸಿಕೊಳ್ಳುತ್ತಿತ್ತು. ಈಗ ಹಿತ್ತಲಿಗೆ ಬಂದಿರುವ ಗಿರಿರಾಜ, ಸ್ವರ್ಣಧಾರ ಕೋಳಿಗಳು 100ಕ್ಕೂ ಹೆಚ್ಚು ಇಡುತ್ತವೆ. ಅವುಗಳಿಗೆ ತಿಪ್ಪೆ ಸಾಲದು.

ಹಾಗಾಗಿ ನನ್ನ ದೂರು ಅತ್ತೆ ಮೇಲಲ್ಲ. ಹೆಚ್ಚು ಮೊಟ್ಟೆ ಇಡುವ ತಳಿಯ ಮರಿ ಕೊಡುವವರು ಅದಕ್ಕೆ ಬೇಕಾದ ಮೇವಿನ ಬಗ್ಗೆಯೂ ಹೇಳಬೇಕು. ಮರಿಗಳ ಜೊತೆ ಒಂದು ಕೆಜಿ ಚಿಪ್ಪಿನ ಚೂರು, ಒಂದು ಹಾಳೆ ಮಾಹಿತಿ ಕೊಟ್ಟರೆ ಯಾವ ಯೋಜನೆಯೂ ಬಡವಾಗದು.

ನೀವು ಮಾಡಬೇಕಾದ್ದು ಇಷ್ಟೆ. ಹ್ಯಾಟೆ ಜುಟ್ಟು ಕೆಂಪೇರಿ ಮೊಟ್ಟೆಗೆ ಬಂದಾಗ, ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಚೂರು ಇಡಿ. ಮೇವಿನ ಅಂಗಡಿಯಲ್ಲಿ ‘ಶೆಲ್ ಗ್ರಿಟ್’ ಅಂತ ಕೇಳಿ. ಮನೆಯ ಮೊಟ್ಟೆ ಚಿಪ್ಪನ್ನೇ ತೊಳೆದು, ಹುರಿದು, ಸಣ್ಣಗೆ ಪುಡಿ ಮಾಡಿಯೂ ಕೊಡಬಹುದು. ದೊಡ್ಡ ಚೂರು ಹಾಕಿದರೆ ಮೊಟ್ಟೆ ಕುಕ್ಕುವ ಚಾಳಿ ಹತ್ತುತ್ತದೆ. ಎಲೆಯಡಿಕೆ ಸುಣ್ಣ ಬೇಡ, ಬಾಯಿ ಸುಡುತ್ತದೆ. ಮರಿಗಳಿಗೂ ಚಿಪ್ಪು ಹಾಕಬೇಡಿ, ಅತಿಯಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಕೆಡುಕು.

ಮೇವು ಬಿಟ್ಟು, ಪುಕ್ಕ ಕೆದರಿಕೊಂಡು ಮುಕ್ಕುತ್ತಾ ನಿಂತ ಹ್ಯಾಟೆಗೆ ಮೊಟ್ಟೆ ಒಳಗೇ ಸಿಕ್ಕಿರಬಹುದು. ಹೊಟ್ಟೆ ಹಿಸುಕಬೇಡಿ, ಮೊಟ್ಟೆ ಒಳಗೇ ಒಡೆದರೆ ಕೋಳಿ ಉಳಿಯುವುದು ಕಷ್ಟ. ಬೆಚ್ಚಗಿಟ್ಟು ಪಶು ಆಸ್ಪತ್ರೆಗೆ ಒಯ್ಯಿರಿ. ನಾಲ್ಕಾರು ಕೋಳಿ ಒಟ್ಟಿಗೆ ಮೆತ್ತನೆ ಮೊಟ್ಟೆ ಇಟ್ಟು, ಸೀನುತ್ತಿದ್ದರೆ ಕೊಕ್ಕರೆ ರೋಗದಂಥ ಅಂಟುರೋಗ ಇರಬಹುದು. ಆಗಲೂ ತಡಮಾಡಬೇಡಿ. ‘ಕೋಳಿ ತಾನೇ’ ಅಂತ ಸುಮ್ಮನಿರಬೇಡಿ.

ಮೊಟ್ಟೆ ದುಡ್ಡು ನಮ್ಮೂರ ಹೆಂಗಸರು ಯಾರ ಮುಂದೆಯೂ ಕೈಚಾಚದೆ ಖರ್ಚು ಮಾಡುವ ದುಡ್ಡು. ಮಗಳ ನೋಟ್‌ಬುಕ್ಕು, ಬಸ್ ಚಾರ್ಜು, ಮಾತ್ರೆ ಎಲ್ಲ ಅದರಲ್ಲೇ. ಒಂದು ಹಿಡಿ ಚಿಪ್ಪಿನ ಕೊರತೆಗೆ ಅದನ್ನು ಕಳೆದುಕೊಳ್ಳುವುದು ಬೇಡ. ಮೊನ್ನೆ ನೋಡಿದೆ, ಅತ್ತೆ ಮನೆ ಹಿತ್ತಲಲ್ಲಿ ಉಳಿದ ಮೂರು ಹ್ಯಾಟೆಗಳ ಮುಂದೆ ಚಿಪ್ಪಿನ ಬಟ್ಟಲು ಬಂದಿದೆ.