ಮೊದಲು ಓದಿ, ಆಮೇಲೆ ತಿದ್ದಿ

ಕೈಗೆ ಕೆಂಪು ಪೆನ್ನು ಸಿಕ್ಕರೆ ಎಂಥವನೂ ಮೇಷ್ಟ್ರಾಗಿಬಿಡ್ತಾನೆ. ನಾನೂ ಆದೆ. ಆಗಿ ಮಾಡಿದ ಎಡವಟ್ಟಿನ ಬಗ್ಗೆ ಇವತ್ತು ಬರೀತಿದ್ದೀನಿ.

ಜರ್ಮನಿಗೆ ಬಂದು ನಾಲ್ಕು ವರ್ಷ ಆಯ್ತು. ವಾರವೆಲ್ಲ ಸಾಫ್ಟ್‌ವೇರು, ಭಾನುವಾರ ಎರಡು ಗಂಟೆ ಕಾಲ ಇಲ್ಲಿನ ಕನ್ನಡದ ಮಕ್ಕಳಿಗೆ ಅಕ್ಷರ ಹೇಳಿಕೊಡೋದು. ಕಾಗುಣಿತ ಮುಗಿದಿತ್ತು, ಒತ್ತಕ್ಷರ ಶುರುವಾಗಿತ್ತು. ಒಂದು ದಿನ "ನನ್ನ ಮನೆ ಬಗ್ಗೆ ನಾಲ್ಕು ಸಾಲು ಬರೀರಿ" ಅಂದೆ. ಏಳು ವರ್ಷದ ಹುಡುಗನೊಬ್ಬ ಬರೆದು ತಂದು ತೋರಿಸಿದ:

"ಅಜಿ ಪೋನಲಿ ಇದಾಳೆ. ಚಿಕ ಆಗಿದಾಳೆ. ನಮ್ಮ ಮನೆಗೆ ಬಂದರೆ ದೊಡ ಆಗತಾಳೆ."

ನಾನು ಪೆನ್ನು ತಗೊಂಡು ಅಜಿಗೆ ಒತ್ತು ಕೊಟ್ಟೆ, ಚಿಕಕ್ಕೆ ಒತ್ತು ಕೊಟ್ಟೆ, ದೊಡಕ್ಕೂ ಕೊಟ್ಟೆ, ಪೋನನ್ನು ಫೋನ್ ಮಾಡಿದೆ. "ಒತ್ತಕ್ಷರ ಮರೀಬೇಡ, ಆಯ್ತಾ?" ಅಂದೆ. ಅವನು ತಲೆ ಆಡಿಸಿ ಹೋದ. ವಾಪಸ್ಸು ಬರುವಾಗ ಟ್ರೈನಿನಲ್ಲಿ ಕೂತು ಕಿಟಕಿ ನೋಡ್ತಾ ಇದ್ದಾಗ ಆ ಮೂರು ಸಾಲು ಸುಮ್ಮನೆ ನೆನಪಿಗೆ ಬಂತು. ಆಗ ತಿಳೀತು ನೋಡಿ, ಹುಡುಗ ಏನು ಹೇಳಿದ್ದ ಅಂತ. ನಾನು ಅದನ್ನ ಓದೇ ಇರಲಿಲ್ಲ. ಬರೀ ತಿದ್ದಿದ್ದೆ.

ಮುಂದಿನ ವಾರ ಅದೇ ಹುಡುಗ ಬರೆದದ್ದು: "ನನ್ನ ಮನೆ ದೊಡ್ಡದು. ನನ್ನ ಮನೆ ಚೆನ್ನಾಗಿದೆ. ನನ್ನ ಮನೆಗೆ ಬಾಗಿಲು ಇದೆ." ಒಂದೂ ತಪ್ಪಿಲ್ಲ. ಕರ್ಕೊಂಡು ಹೋಗೋಕೆ ಬಂದ ಅವನ ತಾಯಿ "ನೋಡಿ ಸರ್, ಎಷ್ಟು ಇಂಪ್ರೂವ್ ಆಗಿದಾನೆ" ಅಂದರು. ಅವರಿರೋದು ಎರಡು ರೂಮಿನ ಫ್ಲಾಟು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಶಾಲೆಯಲ್ಲಿ ಸೃಜನಶೀಲತೆ ಅಂತ ಮಾತು ಬಂದರೆ ಎಲ್ಲರೂ ಡ್ರಾಯಿಂಗ್ ಕ್ಲಾಸು, ಡ್ಯಾನ್ಸ್ ಕ್ಲಾಸು, ಕ್ರಾಫ್ಟು ಅಂತ ಹೇಳ್ತಾರೆ. ಡ್ರಾಯಿಂಗ್ ಪೀರಿಯಡ್ ನಮಗೂ ಇತ್ತು ಸ್ವಾಮಿ! ನಾನು ಓದಿದ್ದು ಚಳ್ಳಕೆರೆಯಲ್ಲಿ. ಬಯಲು ಸೀಮೆ. ದಿನಾ ಕಣ್ಣಿಗೆ ಬೀಳ್ತಿದ್ದದ್ದು ಎಣ್ಣೆ ಮಿಲ್ಲು, ಕಡಲೆಕಾಯಿ ರಾಶಿ, ಕುರಿ ಮಂದೆ, ಧೂಳು. ಆದರೆ "ಚಿತ್ರ ಬರೀರಿ" ಅಂದರೆ ಇಡೀ ಕ್ಲಾಸು ಬರೀತಿದ್ದದ್ದು ಒಂದೇ: ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿದು ಬರೋ ನದಿ, ದಡದಲ್ಲಿ ತೆಂಗಿನಮರ, ಒಂದು ಹೆಂಚಿನ ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದನ್ನ ಓದ್ತಿರೋ ನೀವೂ ಅದನ್ನೇ ಬರೆದಿರ್ತೀರಿ, ಬೆಟ್ ಕಟ್ತೀನಿ. ಮಲೆನಾಡಿನ ಮಗುವಿಗೂ ಅದೇ ಬೆಟ್ಟ, ಬೀದರಿನ ಮಗುವಿಗೂ ಅದೇ ನದಿ. ಕುರಿ ಮಂದೆ ಬರೆಯಬಾರದು ಅಂತ ಯಾರೂ ಹೇಳಿರಲಿಲ್ಲ. ಬರೀಬಹುದು ಅಂತಲೂ ಯಾರೂ ಹೇಳಿರಲಿಲ್ಲ, ಅಷ್ಟೇ.

ಇದು ಚಿತ್ರಕ್ಕೆ ಮುಗಿಯಲಿಲ್ಲ. ಹಸುವಿನ ಬಗ್ಗೆ ಪ್ರಬಂಧ ಅಂದರೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಮನೆಯಲ್ಲಿ ಹಸು ಇದ್ದವನೂ ಅದನ್ನೇ ಬರೀಬೇಕು. ಇಂಜಿನಿಯರಿಂಗಿಗೆ ಬಂದರೆ ಲ್ಯಾಬ್ ರೆಕಾರ್ಡು. ಸೀನಿಯರ್ ರೆಕಾರ್ಡ್ ನೋಡಿ ಮೊದಲು ಗ್ರಾಫಿನ ಗೆರೆ ಎಳೆದು, ಆಮೇಲೆ ಆ ಗೆರೆಯ ಮೇಲೆ ಚುಕ್ಕೆ ಇಟ್ಟು, ಚುಕ್ಕೆ ನೋಡಿ ರೀಡಿಂಗ್ ಬರೆದವರು ನಾವು. ಪ್ರಯೋಗ ಹಿಂದಿನಿಂದ ಮುಂದಕ್ಕೆ! ಕಣ್ಣೆದುರಿಗಿರೋ ಮೀಟರ್ ಏನು ಹೇಳುತ್ತೆ ಅನ್ನೋದಕ್ಕಿಂತ ಏನು ಹೇಳಬೇಕಿತ್ತು ಅನ್ನೋದೇ ಮುಖ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಟೀಮ್ ಲೀಡ್ ಒಂದು ತೊಂದರೆ ತೋರಿಸಿ "ನಿನಗೇನು ಅನ್ನಿಸುತ್ತೆ?" ಅಂತ ಕೇಳಿದಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ನನಗೇನೋ ಅನ್ನಿಸಬಹುದು, ಅದನ್ನ ಒಬ್ಬರು ಕೇಳಬಹುದು ಅನ್ನೋದೇ ನನಗೆ ಅಭ್ಯಾಸ ಇರಲಿಲ್ಲ.

ಹಾಗಾದರೆ ಫಾರಿನ್ನಿನಲ್ಲಿ ಎಲ್ಲಾ ಸರಿ ಇದೆ, ನಮ್ಮಲ್ಲಿ ಎಲ್ಲಾ ತಪ್ಪು ಅಂತ ಹೊರಟೆನಾ? ಇಲ್ಲ, ಸ್ವಲ್ಪ ತಡೀರಿ. ಜರ್ಮನಿಯಲ್ಲಿ ಇದರ ಇನ್ನೊಂದು ತುದಿಯನ್ನೂ ನೋಡಿ ಆಗಿದೆ. ಸ್ವಿಟ್ಜರ್ಲೆಂಡಿನ ಯೂರ್ಗೆನ್ ರೈಷೆನ್ ಅನ್ನೋ ಶಿಕ್ಷಕರು ತಂದ ಒಂದು ಪದ್ಧತಿ ಇಲ್ಲಿನ ಬಹಳಷ್ಟು ಪ್ರಾಥಮಿಕ ಶಾಲೆಗಳಿಗೆ ಹಬ್ಬಿತ್ತು. ಮಗುವಿನ ಕೈಗೆ ಅಕ್ಷರ ಮತ್ತು ಚಿತ್ರದ ಒಂದು ಪಟ್ಟಿ ಕೊಟ್ಟು, ಕಿವಿಗೆ ಕೇಳಿದ ಹಾಗೆ ಬರೆಯೋಕೆ ಬಿಡೋದು. ಶುರುವಿನಲ್ಲಿ ಸ್ಪೆಲ್ಲಿಂಗ್ ತಿದ್ದೋ ಹಾಗಿಲ್ಲ. ಸೈಕಲ್ಲಿಗೆ ಜರ್ಮನ್ನಿನಲ್ಲಿ ಹೇಳೋ ಪದದಲ್ಲಿ ಬರೆಯುವಾಗ ಒಂದು ಎಚ್, ಎರಡು ಆರ್, ಕೊನೆಗೊಂದು ಡಿ ಇರುತ್ತೆ. ಕಿವಿಗೆ ಕೇಳೋದು ಸುಮಾರಾಗಿ 'ಫಾರಾಟ್'. ಮಗು ಹಾಗೇ ಬರೆಯುತ್ತೆ. ಮಕ್ಕಳು ಖುಷಿಯಾಗಿ ಪುಟಗಟ್ಟಲೆ ಬರೆದರು, ಅಪ್ಪ ಅಮ್ಮಂದಿರು ತಲೆ ಮೇಲೆ ಕೈ ಹೊತ್ತರು. 2018ರಲ್ಲಿ ಬಾನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಮೂರು ಸಾವಿರ ಮಕ್ಕಳನ್ನ ಪರೀಕ್ಷಿಸಿದಾಗ, ಪಠ್ಯಪುಸ್ತಕ ಹಿಡಿದು ಕ್ರಮವಾಗಿ ಕಲಿತ ಮಕ್ಕಳ ಸ್ಪೆಲ್ಲಿಂಗೇ ಹೆಚ್ಚು ಸರಿ ಇತ್ತು. ಅಂದರೆ ತಿದ್ದದೇ ಬಿಟ್ಟರೆ ಮಗು ತಾನಾಗಿಯೇ ಸರಿ ಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಮಗ್ಗಿ ಬೇಕು, ಕಾಗುಣಿತ ಬೇಕು. ನಾನು ಅದರ ವಿರೋಧಿ ಅಲ್ಲವೇ ಅಲ್ಲ.

ಆದರೆ ನನ್ನನ್ನ ಕಾಡೋ ವಿಷಯ ಬೇರೆ. ಜರ್ಮನ್ ಮಗುವಿನ ಕಷ್ಟ ಕನ್ನಡದ ಮಗುವಿಗೆ ಇಲ್ಲ. ನಮ್ಮಲ್ಲಿ ಬಹುಮಟ್ಟಿಗೆ ಕೇಳಿದ ಹಾಗೇ ಬರೆಯೋದು. ಕಾಗುಣಿತ, ಒತ್ತಕ್ಷರ ಬಂದರೆ ಸಾಕು, ಜನ್ಮದಲ್ಲಿ ನೋಡದ ಪದವನ್ನೂ ಬರೀಬಹುದು. ತನ್ನ ಮನಸ್ಸಿನಲ್ಲಿ ಇರೋದನ್ನ ಇಷ್ಟು ಬೇಗ ಕಾಗದಕ್ಕೆ ಇಳಿಸೋ ಭಾಗ್ಯ ಇಂಗ್ಲಿಷಿನ ಮಗುವಿಗೂ ಇಲ್ಲ. ಅಂಥ ಲಿಪಿ ಕೈಯಲ್ಲಿಟ್ಟು ನಾವು ಮಕ್ಕಳಿಗೆ ಹೇಳೋದೇನು? ದಿನಕ್ಕೊಂದು ಪುಟ ಕಾಪಿ ಬರಿ!

ಇದನ್ನ ಅರ್ಥ ಮಾಡಿಕೊಂಡವರು ನಮ್ಮಲ್ಲಿ ಇಲ್ಲದೇ ಇಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿ ಎಂಬತ್ತು ವರ್ಷದ ಮೇಲಾಯ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 'ನಲಿ ಕಲಿ' ಶುರುವಾಯ್ತು. ಅದರಲ್ಲಿ ಅ ಆ ಇ ಈ ಅಂತ ವರ್ಣಮಾಲೆ ಹಿಡಿದು ಹೋಗೋದಿಲ್ಲ. ಮೊದಲು ಬರೋದು ರ, ಗ, ಸ, ದ, ಅ. ಯಾಕೆ ಅಂತ ನನಗೆ ಮೊದಲು ತಲೆಗೇ ಹೋಗಲಿಲ್ಲ. ಆಮೇಲೆ ಹೊಳೀತು: ಐದೇ ಅಕ್ಷರ ಕಲಿತ ಮಗು ಸರ, ಅಗಸ, ಅರಸ, ಗರಗಸ ಅಂತ ತಾನೇ ಪದ ಕಟ್ಟಬಹುದು. ನಾವು ಐದು ಅಕ್ಷರ ಕಲಿತಾಗ ಬರ್ತಿದ್ದದ್ದು ಅ ಆ ಇ ಈ ಉ. ಇದರಲ್ಲಿ ಏನು ಕಟ್ಟೋಣ ಹೇಳಿ! ಸೃಜನಶೀಲತೆಗೆ ಬೇರೆ ಪೀರಿಯಡ್ ಬೇಡ, ಅಕ್ಷರ ಕಲಿಸೋ ಮೊದಲ ವಾರದಲ್ಲೇ ಅದಕ್ಕೆ ಜಾಗ ಇದೆ ಅಂತ ಯಾರೋ ಪುಣ್ಯಾತ್ಮರು ಯೋಚಿಸಿದ್ದಾರೆ.

"ಅದೆಲ್ಲಾ ಸರಿ ಮಾರಾಯ, ಕ್ಲಾಸಿನಲ್ಲಿ ಐವತ್ತು ಮಕ್ಕಳು, ಸಿಲಬಸ್ ಮುಗಿಸಬೇಕು, ಇದಕ್ಕೆಲ್ಲ ಟೈಮ್ ಎಲ್ಲಿ?" ಅಂತ ನೀವು ಕೇಳಬಹುದು. ನಮ್ಮ ಅಕ್ಕ ಟೀಚರ್, ಅವಳು ಕೇಳಿಯೇ ಬಿಟ್ಟಳು. ಒಪ್ಪಿಕೊಳ್ತೀನಿ. ಎರಡು ಗಂಟೆಗೆ ಎಂಟು ಮಕ್ಕಳನ್ನ ಸಂಭಾಳಿಸೋ ನಾನು ಅವಳಿಗೆ ಪಾಠ ಹೇಳೋದು ತಮಾಷೆಯೇ. ಆದರೆ ನನಗೆ ಟೈಮ್ ಇತ್ತಲ್ಲ? ಪರೀಕ್ಷೆ ಇಲ್ಲ, ಇನ್‌ಸ್ಪೆಕ್ಟರ್ ಇಲ್ಲ, ಮಾರ್ಕ್ಸ್ ಇಲ್ಲ. ಆದರೂ ನಾನು ಮಾಡಿದ್ದು ಅದನ್ನೇ. ಅಂದರೆ ರೋಗ ಬರೀ ಸಿಲಬಸ್ಸಿನಲ್ಲಿ ಇಲ್ಲ, ಅದನ್ನ ಓದಿ ಪಾಸಾದ ನಮ್ಮ ಕೈಯಲ್ಲೂ ಇದೆ.

ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವಾಗ ಕೆಲವರು ಸ್ಪೇಸ್ ಸರಿ ಇಲ್ಲ, ವೇರಿಯಬಲ್ ಹೆಸರು ಸರಿ ಇಲ್ಲ ಅಂತ ಮೂವತ್ತು ಕಾಮೆಂಟ್ ಹಾಕ್ತಾರೆ. ಪ್ರೋಗ್ರಾಂ ಏನು ಮಾಡುತ್ತೆ ಅಂತ ನೋಡಿಯೇ ಇರೋದಿಲ್ಲ. ಅಂಥವರನ್ನ ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ. ಏಳು ವರ್ಷದ ಹುಡುಗನಿಗೆ ನಾನು ಅಂಥ ರಿವ್ಯೂವರ್ ಆಗಿದ್ದೆ.

ಈಗ ಒಂದು ಸಣ್ಣ ನಿಯಮ ಮಾಡಿಕೊಂಡಿದ್ದೀನಿ. ಮಗು ಬರೆದದ್ದನ್ನ ಮೊದಲು ಓದೋದು. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಅದಕ್ಕೆ ಉತ್ತರವಾಗಿ ಒಂದು ಸಾಲು ಬರೆಯೋದು. ಆಮೇಲೆ ಒಂದೋ ಎರಡೋ ತಪ್ಪು ತೋರಿಸೋದು. ಇಡೀ ಪುಟ ಕೆಂಪಾಗಬಾರದು. ಮಕ್ಕಳಿಗೆ ನನ್ನ ಸಾಲು ಓದೋ ಆಸೆ, ಹಾಗಾಗಿ ಓದೋದನ್ನೂ ಕಲೀತಿದಾರೆ.

ಆ ಹುಡುಗನ ಹತ್ತಿರ ಮೊನ್ನೆ ಕೇಳಿದೆ, "ಅಜ್ಜಿ ಬಗ್ಗೆ ಇನ್ನೊಂದು ಸಲ ಬರೀತೀಯಾ?" ಅಂತ. "ಅದ್ರಲ್ಲಿ ಒತ್ತಕ್ಷರ ಜಾಸ್ತಿ ಬರುತ್ತೆ ಅಂಕಲ್" ಅಂದ. ಅಜ್ಜಿ ಅನ್ನೋ ಪದ ಅವನಿಗೆ ಈಗ ತಪ್ಪಾಗಬಹುದಾದ ಒಂದು ಜಾಗ. ಅದನ್ನ ಮಾಡಿದ್ದು ನಾನು. ಅವನು ಇನ್ನೂ ಮನೆ ದೊಡ್ಡದು ಅಂತಲೇ ಬರೀತಿದಾನೆ, ನಾನು ಕಾಯ್ತಾ ಇದೀನಿ.

ನಿಮ್ಮ ಮನೆಯಲ್ಲಿ ಬರೆಯೋ ವಯಸ್ಸಿನ ಮಕ್ಕಳಿದ್ದರೆ ಇವತ್ತು ರಾತ್ರಿ ನೋಟ್‌ಬುಕ್ ತೆಗೆದು ನೋಡಿ. ಅವರದೇ ಅನ್ನೋ ಒಂದು ಸಾಲು ಸಿಗುತ್ತಾ? ಸಿಕ್ಕರೆ, ದಯವಿಟ್ಟು, ಮೊದಲು ಓದಿ.