ಚಾವಿ ತಿರುವಿದಾಗಿನ ಸಪ್ಪಳ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಮನೆಗಳ ಮುಂದೆ ಹಿಂದೊಮ್ಮೆ ಚಕ್ಕಡಿ ಬಿಡುತ್ತಿದ್ದ ಜಾಗದಲ್ಲಿ ಈಗ ಕಾರು ನಿಂತಿರುತ್ತದೆ. ಎತ್ತು ಕುಂಟಿದರೆ ಮನೆಯ ಯಜಮಾನನು ಗೊರಸನ್ನು ಎತ್ತಿ ನೋಡುತ್ತಿದ್ದನು. ಮೇವು ಬಿಟ್ಟರೆ ಬಾಯಿ ತೆರೆದು ನಾಲಗೆ ನೋಡುತ್ತಿದ್ದನು. ವೈದ್ಯನು ಬರುವ ಮೊದಲೇ, ರೋಗವು ಕಾಲಿನಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂಬಷ್ಟಾದರೂ ಅವನಿಗೆ ತಿಳಿದಿರುತ್ತಿತ್ತು. ಅದೇ ಯಜಮಾನನ ಮೊಮ್ಮಗನು ಇಂದು ಕಾರಿನ ಚಾವಿ ತಿರುವುತ್ತಾನೆ. ಗಾಡಿ ಮಿಸುಕದಿದ್ದರೆ "ಚಾಲೂ ಆಗವಲ್ದು" ಎಂದು ಗ್ಯಾರೇಜಿಗೆ ಫೋನು ಮಾಡಿ ಕೈಕಟ್ಟಿ ನಿಲ್ಲುತ್ತಾನೆ. ಬಂದವರು ಬ್ಯಾಟರಿ ಎಂದರೆ ಬ್ಯಾಟರಿ, ಸೆಲ್ಫ್ ಮೋಟಾರು ಎಂದರೆ ಮೋಟಾರು. ಹೇಳಿದ್ದಕ್ಕೆ ಹಣ ಎಣಿಸುವುದೊಂದೇ ಅವನ ಪಾಲಿಗೆ ಉಳಿದ ಕೆಲಸ.

ಈ ಬ್ಯಾಟರಿಗೂ ಮೋಟಾರಿಗೂ ನಡುವೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಕರಿಯ ಡಬ್ಬಿ ಕುಳಿತಿರುತ್ತದೆ. ಅದಕ್ಕೆ ಸ್ಟಾರ್ಟರ್ ರಿಲೇ ಎಂದು ಹೆಸರು. ಅದರ ಬೆಲೆ ನೂರುಗಳ ಲೆಕ್ಕದ್ದು. ಅದರ ಅಪರಾಧಕ್ಕಾಗಿ ದಂಡ ತೆರುವ ಬ್ಯಾಟರಿ, ಮೋಟಾರುಗಳ ಬೆಲೆ ಸಾವಿರಗಳ ಲೆಕ್ಕದ್ದು. ಆದುದರಿಂದ ಈ ತಿಂಗಳು ಅದರ ವಿಚಾರವನ್ನೇ ಎತ್ತಿಕೊಂಡಿದ್ದೇವೆ. ಶಾಸ್ತ್ರ ಓದಿದವರಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಿಯಾರು. ನಾವು ಓದಿದ ತರ್ಕಶಾಸ್ತ್ರಕ್ಕೆ ಇಷ್ಟು ಚೊಕ್ಕವಾದ ಉದಾಹರಣೆ ಬೇರೆ ಕಡೆ ದೊರೆಯುವುದು ಕಷ್ಟ ಎಂಬುದೇ ನಮ್ಮ ಉತ್ತರ.

ಮೊದಲು ರಿಲೇಯ ಕೆಲಸವೇನೆಂದು ತಿಳಿಯೋಣ. ಎಂಜಿನ್ನನ್ನು ನಿಂತಲ್ಲಿಂದ ತಿರುವಬೇಕಾದರೆ ಸೆಲ್ಫ್ ಮೋಟಾರಿಗೆ ನೂರು ಆಂಪಿಯರ್, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚಿನ ವಿದ್ಯುತ್ ಬೇಕು. ಅಷ್ಟು ಪ್ರವಾಹವನ್ನು ಚಾವಿಯ ಗುಂಡಿಯೊಳಗಿನ ತೆಳು ತಂತಿಯಲ್ಲಿ ಹಾಯಿಸಿದರೆ ತಂತಿ ಸುಟ್ಟು ಹೋದೀತು. ಕೆರೆಯ ತೂಬನ್ನು ನೆನೆಯಿರಿ. ಒಬ್ಬನು ಮೇಲೆ ನಿಂತು ತೂಬಿನ ಗೂಟ ಎತ್ತಿದರೆ ಕೆಳಗೆ ಗದ್ದೆಗೆಲ್ಲ ಸಾಲುವಷ್ಟು ನೀರು ಹರಿಯುತ್ತದೆ. ಎತ್ತುವ ಕೈಗೆ ಆ ನೀರಿನ ಬಲ ಬೇಕಿಲ್ಲ. ಕಾರಿನಲ್ಲಿ ಇಂಥ ತೂಬುಗಳು ಎರಡು. ಚಾವಿಯಿಂದ ಬಂದ ಅತ್ಯಲ್ಪ ಪ್ರವಾಹವು ರಿಲೇಯೊಳಗಿನ ತಂತಿಯ ಸುರುಳಿಯನ್ನು ಅಯಸ್ಕಾಂತವನ್ನಾಗಿ ಮಾಡುತ್ತದೆ. ಅದು ಒಂದು ಚಿಕ್ಕ ಲೋಹದ ನಾಲಗೆಯನ್ನು ಸೆಳೆದು ಸಂಪರ್ಕ ಕೂಡಿಸುತ್ತದೆ. ಆ ದಾರಿಯಲ್ಲಿ ಹತ್ತಾರು ಆಂಪಿಯರ್ ಹರಿದು ಮೋಟಾರಿನ ಬೆನ್ನ ಮೇಲಿರುವ ಸೊಲೆನಾಯ್ಡನ್ನು ಎಚ್ಚರಿಸುತ್ತದೆ. ಸೊಲೆನಾಯ್ಡು ಎರಡನೆಯ, ದೊಡ್ಡ ತೂಬು. ಅದು ಮೋಟಾರಿನ ಹಲ್ಲಿನ ಚಕ್ರವನ್ನು ಎಂಜಿನ್ನಿನ ಚಕ್ರಕ್ಕೆ ಕೂಡಿಸಿ, ಬ್ಯಾಟರಿಯ ಪೂರ್ಣ ಬಲವನ್ನು ಮೋಟಾರಿಗೆ ಬಿಡುತ್ತದೆ.

ರಿಲೇ ಎಂಬ ಶಬ್ದವು ಅಂಚೆಯ ಕುದುರೆಗಳಿಂದ ಬಂದುದು. ದಣಿದ ಕುದುರೆಯನ್ನು ಕಟ್ಟಿ, ಠಾಣೆಯಲ್ಲಿ ಸಿದ್ಧವಿದ್ದ ಹೊಸ ಕುದುರೆಯನ್ನೇರಿ ಸವಾರನು ಮುಂದೆ ಹೋಗುತ್ತಿದ್ದನು. ದೂರ ಹರಿದು ಕ್ಷೀಣಿಸಿದ ತಂತಿಯ ಸಂದೇಶಕ್ಕೆ ಹೊಸ ಬಲ ಕೊಡುವ ಉಪಕರಣಕ್ಕೆ ಅದೇ ಹೆಸರು ನಿಂತಿತು. ಅಮೇರಿಕೆಯ ಜೋಸೆಫ್ ಹೆನ್ರಿ 1830ರ ದಶಕದಲ್ಲಿ ತೋರಿಸಿಕೊಟ್ಟ ತತ್ತ್ವವಿದು. ಕಾರಿಗೆ ವಿದ್ಯುತ್ತಿನ ಸೆಲ್ಫ್ ಬಂದದ್ದು ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನಿಂದ. 1911ರಲ್ಲಿ ಆತನು ಸಿದ್ಧಪಡಿಸಿದುದನ್ನು ಕ್ಯಾಡಿಲಾಕ್ ಕಂಪನಿಯು ತನ್ನ 1912ರ ಗಾಡಿಗಳಿಗೆ ಅಳವಡಿಸಿತು. ಅದಕ್ಕೆ ಮುಂಚೆ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಬೇಕಾಗಿತ್ತು; ಹ್ಯಾಂಡಲ್ ಹಿಮ್ಮೆಟ್ಟಿ ಹೊಡೆದರೆ ಮುಂಗೈ ಮುರಿಯುತ್ತಿತ್ತು. ಹಳೆಯ ಜೀಪುಗಳಿಗೆ ಹ್ಯಾಂಡಲ್ ಹೊಡೆದವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ, ಅವರಿಗೆ ಆ ಪೆಟ್ಟಿನ ಪರಿಚಯ ಉಂಟು.

ಈಗ ರೋಗಲಕ್ಷಣಕ್ಕೆ ಬರೋಣ. ಇಲ್ಲಿ ಕಿವಿಯೇ ಮೊದಲ ಪ್ರಮಾಣ. ರೇಡಿಯೋ, ಫ್ಯಾನು ಎಲ್ಲ ಬಂದು ಮಾಡಿ, ಒಬ್ಬರು ಚಾವಿ ತಿರುವಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಪಕ್ಕದಲ್ಲಿ ನಿಂತು ಕೇಳಬೇಕು. ಸರಿಯಿರುವ ಗಾಡಿಯಲ್ಲಿ ಫ್ಯೂಸ್ ಡಬ್ಬಿಯಿಂದ ಸಣ್ಣದೊಂದು "ಟಿಕ್", ಒಡನೆಯೇ ಎಂಜಿನ್ನಿನ ಕೆಳಗಿನಿಂದ ಗಡುಸಾದ "ಟಕ್", ಆ ಮೇಲೆ ಮೋಟಾರಿನ ತಿರುಗುವಿಕೆ ಕೇಳುತ್ತದೆ. ಟಿಕ್ ರಿಲೇಯದು, ಟಕ್ ಸೊಲೆನಾಯ್ಡಿನದು.

"ಕಟಕಟಕಟ" ಎಂದು ಒಂದೇ ಸಮನೆ ಬಡಿದುಕೊಂಡರೆ ರಿಲೇಯನ್ನು ಬೈಯಬಾರದು. ಅದು ಬಹುಮಟ್ಟಿಗೆ ಬ್ಯಾಟರಿಯ ನಿತ್ರಾಣ, ಇಲ್ಲವೆ ಅದರ ಕಂಬಗಳಿಗೆ ಹಿಡಿದ ಬಿಳಿ-ಹಸಿರು ಕಿಲುಬು. ಸೊಲೆನಾಯ್ಡು ಸೆಳೆಯುತ್ತದೆ, ಮೋಟಾರು ಬಲ ಕೇಳುತ್ತದೆ, ವೋಲ್ಟೇಜು ಕುಸಿಯುತ್ತದೆ, ಸೆಳೆದುದು ಕೈಬಿಡುತ್ತದೆ. ಭಾರ ಇಳಿದೊಡನೆ ವೋಲ್ಟೇಜು ಏರಿ ಮತ್ತೆ ಸೆಳೆಯುತ್ತದೆ. ಈ ಬಡಿತವು ಆ ಹಗ್ಗಜಗ್ಗಾಟದ ಸದ್ದು. ಇಂಥ ವೇಳೆ ಮುಂದಿನ ದೀಪ ಹಚ್ಚಿ ಚಾವಿ ತಿರುವಿದರೆ ದೀಪ ಮಂಕಾಗಿ ಸಾಯುವಂತಾಗುತ್ತದೆ. ಅದಕ್ಕೆ ಬದಲಾಗಿ ದೀಪವು ಪ್ರಖರವಾಗಿಯೇ ಇದ್ದು, ಟಿಕ್ ಮಾತ್ರ ಕೇಳಿ ಟಕ್ ಬಾರದಿದ್ದರೆ ಸಂಶಯವು ರಿಲೇಯ ಸಂಪರ್ಕಗಳ ಮೇಲೆ, ಅಥವಾ ಅಲ್ಲಿಂದ ಸೊಲೆನಾಯ್ಡಿಗೆ ಹೋಗುವ ತಂತಿಯ ಮೇಲೆ ಬೀಳುತ್ತದೆ. ಟಿಕ್ ಕೂಡ ಇಲ್ಲವಾದರೆ ಸುರುಳಿ ಹರಿದಿರಬಹುದು, ಇಲ್ಲವೆ ಸುರುಳಿಗೆ ಅಪ್ಪಣೆಯೇ ತಲುಪಿಲ್ಲ: ಫ್ಯೂಸ್, ಚಾವಿಯ ಸ್ವಿಚ್ಚು, ಕ್ಲಚ್ಚಿನ ಕೆಳಗಿನ ಸ್ವಿಚ್ಚು, ಕಳ್ಳತನ ತಡೆಯುವ ವ್ಯವಸ್ಥೆ, ಇವುಗಳಲ್ಲೊಂದು ಅಡ್ಡ ನಿಂತಿರುತ್ತದೆ. ಟಿಕ್ಕೂ ಟಕ್ಕೂ ಎರಡೂ ಕೇಳಿ ಮೋಟಾರು ಸುಮ್ಮನಿದ್ದರೆ ರಿಲೇ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಬೇಕು.

ರಿಲೇಯ ರೋಗವು ಬಹುಶಃ ಒಮ್ಮೆಲೇ ಬರುವುದಿಲ್ಲ. ಪ್ರತಿ ಸಲ ಸಂಪರ್ಕ ಕೂಡಿ ಬಿಡುವಾಗ ಸಣ್ಣದೊಂದು ಕಿಡಿ ಹಾರುತ್ತದೆ. ಸಾವಿರಾರು ಕಿಡಿಗಳ ಮೇಲೆ ಲೋಹದ ಮುಖ ಕಪ್ಪಾಗಿ ಕುಳಿ ಬೀಳುತ್ತದೆ. ಮೊದಲು ಹತ್ತರಲ್ಲಿ ಒಂದು ಸಲ ಕೈಕೊಡುತ್ತದೆ, ಮತ್ತೊಮ್ಮೆ ತಿರುವಿದರೆ ಚಾಲೂ ಆಗುತ್ತದೆ. ಕೆಲವು ಗಾಡಿಗಳು ಮುಂಜಾನೆಯ ತಂಪಿನಲ್ಲಿ ಸರಿಯಿದ್ದು, ಹೆದ್ದಾರಿಯಲ್ಲಿ ಓಡಿ ಕಾದ ಮೇಲೆ ಮೊಂಡುತನ ಮಾಡುತ್ತವೆ. ಕಾದ ತಂತಿಯ ಸುರುಳಿಗೆ ಸೆಳೆಯುವ ಬಲ ತುಸು ಕಡಿಮೆ. ಡಬ್ಬಿಗೆ ಬೆರಳಿನಿಂದ ತಟ್ಟಿದೊಡನೆ ಗಾಡಿ ಎದ್ದರೆ ಅದನ್ನು ಗುಣವಾಯಿತೆಂದು ತಿಳಿಯದೆ, ರೋಗದ ಸಾಕ್ಷ್ಯವೆಂದು ತಿಳಿಯಬೇಕು.

ನಮಗೆ ಪರಿಚಿತರಾದ ಬ್ಯಾಡಗಿಯ ಒಬ್ಬ ಯಜಮಾನರ ಗಾಡಿಯಲ್ಲಿ ಇದೇ ನಡೆಯಿತು. ಮೆಣಸಿನಕಾಯಿಯ ಸುಗ್ಗಿಯ ದಿನಗಳು. ಮೋಟೆಬೆನ್ನೂರಿನ ಬಳಿ ಹೆದ್ದಾರಿಯ ಬದಿಗೆ ಚಹಕ್ಕೆಂದು ನಿಲ್ಲಿಸಿದ ಗಾಡಿ ಏಳಲಿಲ್ಲ. ಗ್ಯಾರೇಜಿನವರು ಬಂದು ಹೊಸ ಬ್ಯಾಟರಿ ಕೂಡಿಸಿದರು. ಗಾಡಿ ಎದ್ದಿತು, ಎಲ್ಲರಿಗೂ ಸಮಾಧಾನವಾಯಿತು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಈ ಸಲ ಮೋಟಾರು ಬಿಚ್ಚಿ ದುರಸ್ತಿ ಮಾಡಿಸಿದರು. ಒಂದು ವಾರದ ಮೇಲೆ, ಮನೆಯ ಸೊಸೆಗೆ ನೋವು ಆರಂಭವಾಗಿ ರಾಣೇಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ರಾತ್ರಿ, ಗಾಡಿ ಮತ್ತೆ ಮೌನ ತಾಳಿತು. ನೆರೆಮನೆಯವರ ಟೆಂಪೋದಲ್ಲಿ ಹೋದರು. ತಾಯಿ ಮಗು ಕ್ಷೇಮವಾಗಿದ್ದಾರೆ. ಮರುದಿನ ಬಂದ ವಯಸ್ಸಾದ ಇಲೆಕ್ಟ್ರಿಷಿಯನ್ನರು ಹೊಸದೇನನ್ನೂ ತರಲಿಲ್ಲ. ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದು, ಹಾರ್ನಿನ ರಿಲೇಯನ್ನು ಕಿತ್ತು ಸ್ಟಾರ್ಟರಿನ ಸ್ಥಾನದಲ್ಲಿಟ್ಟರು, ಸ್ಟಾರ್ಟರಿನದನ್ನು ಹಾರ್ನಿನ ಸ್ಥಾನದಲ್ಲಿಟ್ಟರು. ಗಾಡಿ ಒಂದೇ ಸಲಕ್ಕೆ ಎದ್ದಿತು, ಹಾರ್ನು ಮೂಕವಾಯಿತು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ-ವ್ಯತಿರೇಕ ಎಂದು ಹೆಸರು. ಅದು ಇದ್ದಲ್ಲಿ ಇದು ಉಂಟು, ಅದು ಇಲ್ಲದಲ್ಲಿ ಇದು ಇಲ್ಲ ಎಂದು ಎರಡೂ ಕಡೆಯಿಂದ ತೋರಿಸಿದರೆ ಕಾರಣವು ನಿಶ್ಚಯವಾಗುತ್ತದೆ. ಬ್ಯಾಟರಿ ಬದಲಿಸಿದಾಗ ಗಾಡಿ ಎದ್ದದ್ದು ಬರಿಯ ಅನ್ವಯ. ಹಳೆಯ ಬ್ಯಾಟರಿಯನ್ನು ಮರಳಿ ಕೂಡಿಸಿ, ಆಗ ಏಳುವುದಿಲ್ಲವೋ ಎಂದು ಯಾರೂ ನೋಡಲಿಲ್ಲ. ಹೊಸ ಬ್ಯಾಟರಿಯ ತುಸು ಹೆಚ್ಚಿನ ವೋಲ್ಟೇಜು ಸುಟ್ಟ ಸಂಪರ್ಕವನ್ನು ಕೆಲವು ದಿನ ದಾಟಿಸಿತು, ಅಷ್ಟೇ. ಆ ಹಿರಿಯರು ಶಾಲೆಯಲ್ಲಿ ಎಷ್ಟು ಓದಿದ್ದರೋ ನಾವು ಕೇಳಲಿಲ್ಲ; ಅವರ ವಾದದಲ್ಲಿ ಮಾತ್ರ ನ್ಯಾಯದ ಪಂಡಿತರೂ ದೋಷ ಹಿಡಿಯಲಾರರು. ಒಂದು ಸೂಕ್ಷ್ಮವನ್ನು ಇಲ್ಲಿ ಸೇರಿಸಬೇಕು. ಹಾರ್ನಿಗೆ ಬೇಕಾಗುವ ಪ್ರವಾಹ ಕಡಿಮೆ. ಅರ್ಧ ಸುಟ್ಟ ರಿಲೇಯು ಹಾರ್ನನ್ನು ಕೂಗಿಸಲೂಬಹುದು. ಆದುದರಿಂದ ಹಾರ್ನು ಕೂಗಿತೆಂದು ಹಳೆಯ ರಿಲೇಯನ್ನು ನಿರ್ದೋಷಿ ಎನ್ನಬಾರದು. ಅದನ್ನು ಮತ್ತೆ ಸ್ಟಾರ್ಟರಿನ ಸ್ಥಾನದಲ್ಲಿಟ್ಟು ನೋಡಬೇಕು. ಅದಲುಬದಲು ಮಾಡುವ ಮುನ್ನ ಎರಡರ ಮೇಲಿನ ಅಂಕಿಗಳೂ ಕಾಲುಗಳ ಸಂಖ್ಯೆಯೂ ಒಂದೇ ಇವೆಯೆ ಎಂದು ಪರಿಶೀಲಿಸುವುದು ಅಗತ್ಯ.

ಮನೆಯಲ್ಲಿ ಒಂದು ಮಲ್ಟಿಮೀಟರ್ ಇದ್ದರೆ ಇನ್ನೂ ನಿಖರವಾಗಿ ತಿಳಿಯಬಹುದು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಪೂರ್ಣ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅದು ಬಹುತೇಕ ಬರಿದಾಗಿದೆ. ಸೆಲ್ಫ್ ತಿರುಗುವಾಗ 10 ವೋಲ್ಟಿನ ಆಸುಪಾಸಿಗಿಂತ ಕೆಳಗಿಳಿಯಬಾರದು. ಇಷ್ಟು ನೋಡದೆ ಮುಂದಿನದನ್ನು ನೋಡಿ ಉಪಯೋಗವಿಲ್ಲ. ಆಮೇಲೆ ರಿಲೇ. ಸಾಮಾನ್ಯವಾಗಿ ಅದರ ಕಾಲುಗಳ ಬಳಿ 30, 85, 86, 87 ಎಂಬ ಅಂಕಿಗಳಿರುತ್ತವೆ. 85 ಮತ್ತು 86 ಸುರುಳಿಯವು. 30 ಬ್ಯಾಟರಿಯಿಂದ ಬರುವ ದಾರಿ, 87 ಸೊಲೆನಾಯ್ಡಿಗೆ ಹೋಗುವ ದಾರಿ. ಚಾವಿ ತಿರುವಿ ಹಿಡಿದಾಗ ಸುರುಳಿಗೆ 12 ವೋಲ್ಟಿನಷ್ಟು ಬಂದು, 30ರಲ್ಲಿಯೂ ಇದ್ದು, 87ರಲ್ಲಿ ಮಾತ್ರ ಇಲ್ಲವಾದರೆ ರಿಲೇ ಕೆಟ್ಟಿದೆ. ಸುರುಳಿಗೇ ಬರದಿದ್ದರೆ ದೋಷ ಹಿಂದಿದೆ. ಕಿತ್ತ ರಿಲೇಯ 85-86ರ ನಡುವೆ ಸಾಮಾನ್ಯವಾಗಿ 50ರಿಂದ 120 ಓಮ್ ತೋರಬೇಕು. ಏನೂ ತೋರದಿದ್ದರೆ ಸುರುಳಿ ಹರಿದಿದೆ.

ಇನ್ನು ನಾವು ಬಲವಾಗಿ ಹೇಳಬೇಕಾದ ಮಾತು ಅಪಾಯದ್ದು. ಜಾತ್ರೆಯ ಸಂದಣಿಯಲ್ಲಿ, ಮದುವೆ ಮಂಟಪದ ಮುಂದೆ ಗಾಡಿ ನಿಂತರೆ ಯಾರೋ ಹುರುಪಿನ ತರುಣರು ಸ್ಕ್ರೂಡ್ರೈವರ್ ಹಿಡಿದು ಸೊಲೆನಾಯ್ಡಿನ ಬೋಲ್ಟುಗಳನ್ನು ಕೂಡಿಸಿ ಮೋಟಾರು ತಿರುಗಿಸುವುದುಂಟು. ಹಾಗೆ ಕೂಡಿಸಿದಾಗ ಚಾವಿ, ಕ್ಲಚ್ಚಿನ ಸ್ವಿಚ್ಚು ಮುಂತಾದ ಯಾವ ಕಾವಲೂ ಇರುವುದಿಲ್ಲ. ಗಾಡಿ ಗೇರಿನಲ್ಲಿದ್ದರೆ ಮುಂದೆ ನಿಂತವರ ಮೇಲೆಯೇ ನೆಗೆಯುತ್ತದೆ. ಮುಂದೆ ನಿಂತವರು ಮಕ್ಕಳಾಗಿರಬಹುದು. ಪರೀಕ್ಷೆ ಯಾವುದೇ ಇರಲಿ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಗಾಲಿಗೆ ಕಲ್ಲು, ಮುಂದೆ ಯಾರೂ ಇಲ್ಲದಿರುವಿಕೆ, ಇವು ನಾಲ್ಕೂ ಆಗಬೇಕು.

ಇದಕ್ಕೆ ವಿರುದ್ಧವಾದ ರೋಗವೂ ಒಂದುಂಟು, ಅದು ಹೆಚ್ಚು ಕ್ರೂರ. ಸಂಪರ್ಕಗಳು ಕಾದು ಒಂದಕ್ಕೊಂದು ಬೆಸುಗೆಯಾಗಿ, ಚಾವಿ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ. ಚಾವಿಯನ್ನು ಹೊರಗೆಳೆದರೂ ನಿಲ್ಲುವುದಿಲ್ಲ. ಆಗ ಬೆರಗಾಗಿ ನೋಡುತ್ತ ನಿಲ್ಲದೆ ರಿಲೇಯನ್ನು ಕೀಳಬೇಕು. ಅದರಿಂದಲೂ ನಿಲ್ಲದಿದ್ದರೆ ಸೊಲೆನಾಯ್ಡೇ ಅಂಟಿಕೊಂಡಿದೆ ಎಂದರ್ಥ, ಬ್ಯಾಟರಿಯ ಋಣ ಕಂಬದ ತಂತಿಯನ್ನು ಬಿಚ್ಚಬೇಕು. ತಡಮಾಡಿದರೆ ಮೋಟಾರು ಸುಡುತ್ತದೆ, ತಂತಿಗಳಿಗೆ ಬೆಂಕಿಯೂ ಹತ್ತೀತು. ಈ ಕಾರಣಕ್ಕೆ ಬ್ಯಾಟರಿಯ ನಟ್ಟಿಗೆ ಸರಿಹೊಂದುವ 10 ನಂಬರಿನ ಪಾನಾ ಒಂದನ್ನು ಗಾಡಿಯಲ್ಲಿಯೇ ಇಟ್ಟಿರುವುದು ಒಳ್ಳೆಯದು. ನಟ್ಟಿನ ಅಳತೆ ಬೇರೆಯಿದ್ದರೆ ಆ ಅಳತೆಯದು.

ರಾತ್ರಿಯ ವೇಳೆ ಮೀಟರೂ ಇಲ್ಲ, ಇಲೆಕ್ಟ್ರಿಷಿಯನ್ನರೂ ಇಲ್ಲ ಎಂಬಲ್ಲಿ, ಕೈಯಿಂದ ಗೇರು ಹಾಕುವ ಗಾಡಿಯನ್ನು ಎರಡನೆಯ ಗೇರಿನಲ್ಲಿ ತಳ್ಳಿ ಚಾಲೂ ಮಾಡಬಹುದು. ರಿಲೇ ಸತ್ತಿದ್ದರೂ ಬ್ಯಾಟರಿಯಲ್ಲಿ ಜೀವವಿದ್ದರೆ ಸಾಕು. ತಾನೇ ಗೇರು ಬದಲಿಸುವ ಗಾಡಿಗಳಿಗೆ ಈ ಉಪಾಯ ಸಲ್ಲದು. ಗುಂಡಿ ಒತ್ತಿದರೆ ಚಾಲೂ ಆಗುವ ಇಂದಿನ ಹಲವು ಗಾಡಿಗಳಲ್ಲಿ ಅಪ್ಪಣೆ ಕೊಡುವುದು ಗಣಕಯಂತ್ರ. ಕೆಲವದರಲ್ಲಿ ರಿಲೇಯನ್ನು ಕೀಳಲಾಗದಂತೆ ಫಲಕಕ್ಕೇ ಬೆಸೆದಿರುತ್ತಾರೆ. ಅಂಥವುಗಳಲ್ಲಿ ಮನೆಯವರು ಸಪ್ಪಳ ಕೇಳಿ ಗುರುತು ಹೇಳುವುದಕ್ಕಷ್ಟೇ ನಿಲ್ಲಬೇಕು. ಹಳೆಯ ಕೆಲವು ಗಾಡಿಗಳಲ್ಲಿ ಪ್ರತ್ಯೇಕ ರಿಲೇಯೇ ಇರುವುದಿಲ್ಲ. ಸೊಲೆನಾಯ್ಡಿನ ಪ್ರವಾಹವೆಲ್ಲ ಚಾವಿಯ ಸ್ವಿಚ್ಚಿನಲ್ಲಿಯೇ ಹಾಯುತ್ತದೆ, ಸವೆಯುವುದೂ ಅದೇ.

ಹೊಸ ರಿಲೇ ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ವೋಲ್ಟ್, ಆಂಪಿಯರ್, ಕಾಲುಗಳ ಜೋಡಣೆ ಮೂರನ್ನೂ ಹೋಲಿಸಿ ಕೊಳ್ಳಬೇಕು. ಹಳೆಯದರ ಕಾಲು ಕುಳಿತಿದ್ದ ಕುಳಿಗಳು ಕರಕಲಾಗಿದ್ದರೆ, ಇಲ್ಲವೆ ಹಸಿರು ಕಿಲುಬು ಹಿಡಿದಿದ್ದರೆ ಅವನ್ನು ಶುಚಿ ಮಾಡಿಸದೆ ಹೊಸದನ್ನು ಕೂಡಿಸಬಾರದು. ಆ ಹೊಸದೂ ಕೆಲವೇ ತಿಂಗಳಲ್ಲಿ ಸುಟ್ಟರೆ ಮೂರನೆಯದನ್ನು ಕೊಳ್ಳುವ ಮೊದಲು ಸೊಲೆನಾಯ್ಡನ್ನು ಪರೀಕ್ಷಿಸಿರೆಂದು ಇಲೆಕ್ಟ್ರಿಷಿಯನ್ನರಿಗೆ ಹೇಳಿರಿ. ಅದು ಮಿತಿಮೀರಿ ಪ್ರವಾಹ ಎಳೆಯುತ್ತಿರಬಹುದು.