ಬೆರಳುದ್ದದ ಮೋಟಾರುಗಳು

ಮಲ್ಪೆಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಕ್ಕಳಿಬ್ಬರಿಗೆ ಲೋಹದ ಆಟದ ಮೋಟಾರುಗಳ ವಿಷಯವಾಗಿ ನಿತ್ಯವೂ ವಾದ. ಮೊನ್ನೆ ಅದು ಮಾತು ಬಿಡುವವರೆಗೂ ಬೆಳೆಯಿತು. ಹುಡುಗನದು ಮ್ಯಾಚ್‌ಬಾಕ್ಸ್ ಪಕ್ಷ, ಹುಡುಗಿಯದು ಹಾಟ್ ವೀಲ್ಸ್.

ಮೊದಲನೆಯದು 1953ರಲ್ಲಿ ಇಂಗ್ಲೆಂಡಿನ ಲೆಸ್ನಿ ಕಂಪೆನಿಯಲ್ಲಿ ಹುಟ್ಟಿತು. ಬೆಂಕಿಪೆಟ್ಟಿಗೆಯೊಳಗೆ ಹಿಡಿಯುವ ಆಟಿಕೆಯನ್ನಷ್ಟೇ ತರಬಹುದೆಂಬ ಶಾಲೆಯೊಂದರ ನಿಯಮವೇ ಅದಕ್ಕೆ ಮೂಲವಂತೆ. (ಉಪಾಧ್ಯಾಯರ ನಿರ್ಬಂಧದಿಂದಲೂ ಒಮ್ಮೊಮ್ಮೆ ಲೋಕಕ್ಕೆ ಲಾಭವುಂಟು!) ಎರಡನೆಯದನ್ನು ಅಮೆರಿಕದ ಮ್ಯಾಟೆಲ್ ಕಂಪೆನಿ 1968ರಲ್ಲಿ ಹೊರಡಿಸಿತು. ಅಚ್ಚುಕಂಬಿ ತೆಳು, ಘರ್ಷಣೆ ಅಲ್ಪ. ಆದುದರಿಂದ ಇಳಿಜಾರಿನ ಹಲಗೆಯ ಮೇಲೆ ಅದೇ ಮುಂದು. ನಿಜವಾದ ವಾಹನದ ಸಾದೃಶ್ಯದಲ್ಲಿ ಮಾತ್ರ ಮ್ಯಾಚ್‌ಬಾಕ್ಸೇ ಮೇಲೆಂದು ನನ್ನ ಮತ. ಕಡಲತೀರದ ಮರಳಿನಲ್ಲಿ ಎರಡೂ ಓಡವು.

1997ರಿಂದ ಎರಡೂ ಮ್ಯಾಟೆಲಿನವೇ ಎಂದು ತಿಳಿಸಿದೆನು. ಇಬ್ಬರೂ ಸ್ತಬ್ಧರಾದರು.

“ಹಾಗಾದರೆ ನಾವು ಮಾತು ಬಿಟ್ಟದ್ದು ಯಾಕೆ, ಅಜ್ಜಾ?” ಎಂದಳು ಹುಡುಗಿ.

ಹುಡುಗನು ಮಾತಾಡದೆ ಹಲಗೆ ತರಲು ಎದ್ದನು.